ಬೆನ್ನನ್ನು ನೋಡಿ ಅರಿಯುವ ವಿದ್ಯೆ

ಚಳ್ಳಕೆರೆಯ ಅಮೃತಮಹಲ್ ಕಾವಲುಗಳಲ್ಲಿ ಕಣ್ಣನ್ನು ಪಳಗಿಸಿಕೊಂಡವರಿಗೆ ಕಡಲು ತೀರ ಅಪರಿಚಿತವಾದ ಕ್ಷೇತ್ರವಲ್ಲವೆಂಬುದು ನನ್ನ ದೃಢವಾದ ನಂಬಿಕೆ. ದೂರದಲ್ಲಿ ಬಣ್ಣವೆಲ್ಲ ಕರಗಿಹೋದ ಮೇಲೂ, ರೆಕ್ಕೆಗಳೆರಡನ್ನೂ ತುಸು ಮೇಲೆತ್ತಿ ಹುಲ್ಲಿನ ನೆತ್ತಿಯನ್ನು ಸವರುತ್ತ ತೇಲುವ ಭಂಗಿಯೊಂದರಿಂದಲೇ ಚಳಿಗಾಲದ ಅತಿಥಿಯಾದ ಹ್ಯಾರಿಯರ್ ಗಿಡುಗವನ್ನು ನಾವು ಗುರುತಿಸುತ್ತೇವೆ. ಮೊಳಕಾಲ್ಮೂರಿನ ಬಂಡೆಗುಡ್ಡಗಳಿಂದ ಮುಸ್ಸಂಜೆಯಲ್ಲಿ ಇಳಿದುಬರುವ ಕರಡಿಯನ್ನು ಅದರ ತೊನೆದಾಡುವ ನಡಿಗೆಯಿಂದ ಅರಿಯುತ್ತೇವೆ. ಕಾರವಾರದ ದೋಣಿಯಲ್ಲಿ ಕುಳಿತು ಡಾಲ್ಫಿನ್ನುಗಳ ಜಾತಿಯನ್ನು ನಿರ್ಣಯಿಸಲು ಬೇಕಾದುದೂ ಇದೇ ವಿದ್ಯೆ. ನೀರಿನಿಂದ ಮೇಲೆದ್ದ ಪ್ರಾಣಿಯು ಕ್ಷಣಮಾತ್ರ ಕಾಣಿಸಿಕೊಂಡು ಮರೆಯಾಗುವುದರಿಂದಲೂ, ಬಿಸಿಲಿಗೆ ಎದುರಾಗಿ ನೋಡುವಾಗ ಎಲ್ಲ ಮೈಯೂ ಕಪ್ಪಾಗಿಯೇ ತೋರುವುದರಿಂದಲೂ, ಅಲ್ಲಿ ನಂಬತಕ್ಕದ್ದು ವರ್ಣವನ್ನಲ್ಲ, ಬೆನ್ನನ್ನು.

ಕಾಳಿ ನದಿಯ ಅಳಿವೆಯನ್ನು ದಾಟಿ, ದೇವಬಾಗದ ಮರಳದಂಡೆಯನ್ನು ಹಿಂದಿಕ್ಕಿ, ಕೂರ್ಮಗಡ ದ್ವೀಪದತ್ತ ಸಾಗುವವರಿಗೆ ಸಾಮಾನ್ಯವಾಗಿ ದರ್ಶನವೀಯುವುದು ಗೂನುಬೆನ್ನಿನ ಡಾಲ್ಫಿನ್. ಮೊದಲು ನೀಳವಾದ ಮೂತಿ ಓರೆಯಾಗಿ ನೀರನ್ನು ಸೀಳಿಕೊಂಡು ಮೇಲೇಳುತ್ತದೆ. ಅದರ ಹಿಂದೆಯೇ ಅಮೃತಮಹಲ್ ಹೋರಿಯ ಹಿಣಿಲನ್ನು ನೆನಪಿಗೆ ತರುವ, ಆದರೆ ಅದಕ್ಕಿಂತ ಉದ್ದನಾದ ಉಬ್ಬು. ಆ ಉಬ್ಬಿನ ಮೇಲೆ ಚಿಕ್ಕದೊಂದು ಬೆನ್ನುರೆಕ್ಕೆ. ಅನಂತರ ಬೆನ್ನೆಲ್ಲ ಎತ್ತರಕ್ಕೆ ಬಾಗಿ, ಆಳಕ್ಕೆ ಮುಳುಗುವಾಗ ಕೆಲವೊಮ್ಮೆ ಬಾಲವೂ ಮೇಲೇಳುತ್ತದೆ. ಆಳವಿಲ್ಲದ ಕರಾವಳಿಯ ನೀರನ್ನೂ ಅಳಿವೆಯ ಮುಖಗಳನ್ನೂ ಬಿಟ್ಟು ದೂರ ಹೋಗಲೊಲ್ಲದ ಈ ಜೀವಿಗೆ ಮನುಷ್ಯನ ಬಲೆ, ಬಂದರು, ಯಂತ್ರದೋಣಿಗಳೆಲ್ಲ ನಿತ್ಯದ ನೆರೆಹೊರೆಯಾಗಿರುವುದರಿಂದಲೇ ಇದು ಇಂದು ಅಳಿವಿನ ಅಪಾಯದಲ್ಲಿರುವ ಪ್ರಾಣಿಗಳ ಜಾಗತಿಕ ಪಟ್ಟಿಯನ್ನು ಸೇರಿದೆ. ಇದರೊಡನೆ ಬಾಟಲ್‌ನೋಸ್ ಡಾಲ್ಫಿನ್ನನ್ನು ಬೆರೆಸಿಕೊಳ್ಳುವವರುಂಟು. ಅದರ ಬೆನ್ನುರೆಕ್ಕೆ ಎತ್ತರವಾಗಿ ಹಿಂದಕ್ಕೆ ಬಾಗಿರುತ್ತದೆ, ಮೂತಿ ಗಿಡ್ಡವಾಗಿ ದಪ್ಪನಾಗಿರುತ್ತದೆ, ಗೂನಿನ ಸುಳಿವೇ ಇರದು.

ಆದರೆ ನೋಡುಗನ ನಿಜವಾದ ಪರೀಕ್ಷೆಯಿರುವುದು ಬೆನ್ನುರೆಕ್ಕೆಯೇ ಇಲ್ಲದ ಕಡಲಹಂದಿಯನ್ನು ಕಾಣುವುದರಲ್ಲಿ. ದುಂಡನೆಯ ತಲೆ, ಮುಂಚಾಚದ ಮುಖ, ಬೆನ್ನಿನುದ್ದಕ್ಕೂ ತಗ್ಗಾದ ಏಣು, ಹೆಚ್ಚೆಂದರೆ 1.7 ಮೀಟರಿನಷ್ಟು ದೇಹ: ಇಷ್ಟೇ ಇದರ ಲಕ್ಷಣ. ಡಾಲ್ಫಿನ್ನುಗಳ ಹಲ್ಲು ಶಂಕುವಿನಾಕಾರದವು, ಇದರವು ಚಪ್ಪಟೆಯಾದವು; ಆದುದರಿಂದ ಶಾಸ್ತ್ರಜ್ಞರು ಇದನ್ನು ಬೇರೆ ಕುಟುಂಬದಲ್ಲಿ ಇರಿಸಿದ್ದಾರೆ. ಇದು ನೆಗೆಯುವುದಿಲ್ಲ, ದೋಣಿಯ ಮುಂದೆ ಓಡಿ ಆಡುವುದಿಲ್ಲ. ಒಂಟಿಯಾಗಿಯೋ ಜೊತೆಯಾಗಿಯೋ ಬಂದು, ನೀರನ್ನು ಕಲಕದೆ ಉಸಿರೆಳೆದುಕೊಂಡು, ಪಕ್ಕದಲ್ಲಿ ಕುಳಿತವರಿಗೆ ಬೆರಳಿಟ್ಟು ತೋರಿಸುವಷ್ಟರೊಳಗಾಗಿ ಅಡಗಿಹೋಗುತ್ತದೆ. ಗಾಳಿಯಿಲ್ಲದ ಮುಂಜಾನೆ ಇದರ ಬೆನ್ನೊಂದನ್ನು ಕಂಡವನ ಭಾಗ್ಯವನ್ನು ನಾನು ಹತ್ತು ನೆಗೆತಗಳನ್ನು ಕಂಡವನ ಭಾಗ್ಯಕ್ಕಿಂತ ಹಿರಿದೆಂದು ಎಣಿಸುತ್ತೇನೆ.

ನೆಗೆದು, ಗಾಳಿಯಲ್ಲಿ ತನ್ನ ಅಕ್ಷದ ಮೇಲೆ ಹಲವು ಸುತ್ತು ತಿರುಗಿ ಬೀಳುವ ಸ್ಪಿನ್ನರ್ ಡಾಲ್ಫಿನ್ ಆಳವಾದ ಸಮುದ್ರದ ನಿವಾಸಿ. ದಡದ ಸಮೀಪದ ಒಂದೆರಡು ಗಂಟೆಯ ವಿಹಾರದಲ್ಲಿ ಅದನ್ನು ನಿರೀಕ್ಷಿಸುವುದು ಸಲ್ಲದು. ಚಿತ್ರಗಳಲ್ಲಿ ಕಂಡ ಆ ಕುಣಿತವನ್ನೇ ಗೂನುಬೆನ್ನಿನ ಡಾಲ್ಫಿನ್ನಿನಿಂದಲೂ ಬಯಸುವ ಪ್ರವಾಸಿಗರು ಹತ್ತಿರ, ಇನ್ನೂ ಹತ್ತಿರ ಎಂದು ದೋಣಿಯವರನ್ನು ಒತ್ತಾಯಿಸುವುದರಿಂದ ತಾಯಿಮರಿಗಳು ಅಗಲುತ್ತವೆ, ಮೇಯುತ್ತಿದ್ದ ಗುಂಪು ಚೆದರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪರಿಚ್ಛೇದದಲ್ಲಿ ಕೃಷ್ಣಮೃಗಕ್ಕಿರುವ ರಕ್ಷಣೆಯೇ ಈ ಡಾಲ್ಫಿನ್ನಿಗೂ ಉಂಟು. ನಮ್ಮ ಕಾವಲಿನಲ್ಲಿ ಜಿಂಕೆಯ ಹಿಂಡನ್ನು ಜೀಪಿನಲ್ಲಿ ಅಟ್ಟುವುದನ್ನು ಸಹಿಸದ ನಾವು ಕಡಲಿನಲ್ಲಿ ಅದನ್ನೇ ಹಣ ತೆತ್ತು ಮಾಡಿಸುವುದು ಅನ್ಯಾಯ.

ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ಬಯಲುಸೀಮೆಯಿಂದ ಕಾರವಾರಕ್ಕೆ ಹೊರಡುವ ಮಿತ್ರರು, ಎಂಜಿನ್ನನ್ನು ತಗ್ಗಿಸಿ ಗುಂಪಿನ ಪಕ್ಕದಲ್ಲಿ ಸಮಾನಾಂತರವಾಗಿ, ಅಂತರವನ್ನು ಕಾಯ್ದುಕೊಂಡು ಸಾಗಬೇಕೆಂದು ದೋಣಿಯನ್ನು ಏರುವ ಮುನ್ನವೇ ದೋಣಿಯವರನ್ನು ಕೇಳಿಕೊಳ್ಳಿರಿ. ಅಟ್ಟಿಸಿಕೊಂಡು ಹೋಗಿ ತೋರಿಸುತ್ತೇವೆನ್ನುವವರ ದೋಣಿಯನ್ನು ಏರಬೇಡಿರಿ.