ಬಣ್ಣದ ಮಾತಿಗೆ ಎರಡು ಅಳತೆ

ಮೈಬಣ್ಣ ಹಿಡಿದು ಎದುರಾಳಿಯನ್ನು ಹೀಯಾಳಿಸುವ ಚಾಳಿ ನಮ್ಮ ರಾಜಕಾರಣಕ್ಕೆ ಹೊಸದಲ್ಲ. ಆ ಮಾತಿನಷ್ಟೇ ಬೇಸರ ತರಿಸುವುದು ಅದನ್ನು ಕೇಳಿಸಿಕೊಂಡ ಪಕ್ಷಗಳ ನಡವಳಿಕೆ. ಆಚೆಯವರು ಆಡಿದರೆ ಜನಾಂಗೀಯ ನಿಂದನೆ. ನಮ್ಮವರು ಆಡಿದರೆ ಬಾಯಿತಪ್ಪಿ ಬಂದದ್ದು.

2023ರ ಆಗಸ್ಟ್‌ನಲ್ಲಿ ಪಶ್ಚಿಮ ಘಟ್ಟದ ಸಂರಕ್ಷಣೆ ಕುರಿತ ಕಸ್ತೂರಿರಂಗನ್ ವರದಿ ವಿರೋಧಿಸಿ ತೀರ್ಥಹಳ್ಳಿಯಲ್ಲಿ ಪ್ರತಿಭಟನೆ ನಡೆಯಿತು. ಮಲೆನಾಡಿನ ಕಾಡಿನ ಬಗ್ಗೆ ಬಿಸಿಲುನಾಡಿನಿಂದ ಬಂದ ಅರಣ್ಯ ಸಚಿವರಿಗೇನು ಗೊತ್ತು ಎಂದು ಕೇಳಹೊರಟ ಬಿಜೆಪಿ ಶಾಸಕ ಆರಗ ಜ್ಞಾನೇಂದ್ರ, ಅಲ್ಲಿನ ಜನ ಬಿಸಿಲಿಗೆ ಸುಟ್ಟುಹೋದವರು ಎಂಬರ್ಥದ ಮಾತಾಡಿ, ಸಾಕ್ಷಿಗೆ ಆ ನಾಡಿನವರೇ ಆದ ಕಾಂಗ್ರೆಸ್ ನಾಯಕ ಮಲ್ಲಿಕಾರ್ಜುನ ಖರ್ಗೆಯವರನ್ನು ಎಳೆತಂದರು. ಕಾಂಗ್ರೆಸ್ಸಿಗರು ಬೀದಿಗಿಳಿದರು. ಜ್ಞಾನೇಂದ್ರ ವಿಷಾದ ಹೇಳಿದರು. ಅವರ ಪಕ್ಷಕ್ಕೆ ಅಷ್ಟೇ ಸಾಕಾಯಿತು.

2024ರ ನವೆಂಬರ್‌ನಲ್ಲಿ, ಚನ್ನಪಟ್ಟಣ ಉಪಚುನಾವಣೆಯ ಹೊತ್ತಿಗೆ, ಪಾತ್ರಗಳು ಅದಲುಬದಲಾದವು. ಕಾಂಗ್ರೆಸ್ ಸಚಿವ ಜಮೀರ್ ಅಹ್ಮದ್ ಖಾನ್ ಅವರು ಜೆಡಿಎಸ್ ನಾಯಕ ಎಚ್.ಡಿ. ಕುಮಾರಸ್ವಾಮಿಯವರನ್ನು ‘ಕಾಲಿಯಾ’ (ಕರಿಯ) ಎಂದರು. ಈ ಸಲ ಜೆಡಿಎಸ್, ಬಿಜೆಪಿ ಕೆರಳಿದವು. ಅದು ಹಳೆಯ ಸಲುಗೆಯ ಮಾತು ಎಂದ ಜಮೀರ್, ನೋವಾಗಿದ್ದರೆ ಕ್ಷಮಿಸಿ ಎಂದರು. ಸಚಿವ ಸ್ಥಾನಕ್ಕೆ ಕುತ್ತು ಬರಲಿಲ್ಲ.

ದೆಹಲಿಯಲ್ಲೂ ಇದೇ ಕಥೆ. 2017ರಲ್ಲಿ ಬಿಜೆಪಿಯ ಮಾಜಿ ಸಂಸದ ತರುಣ್ ವಿಜಯ್, ಭಾರತೀಯರು ವರ್ಣಭೇದಿಗಳಲ್ಲ ಎಂದು ಸಾಧಿಸಲು, ನಾವು ದಕ್ಷಿಣದ ಕಪ್ಪು ಜನರ ಜೊತೆ ಬಾಳುತ್ತಿಲ್ಲವೇ ಎಂದು ಕೇಳಿದರು. ಆ ‘ನಾವು’ ಎಂಬುದರಲ್ಲಿ ಕನ್ನಡಿಗರಿಗೆ ಜಾಗವೇ ಇರಲಿಲ್ಲ. ಲೋಕಸಭೆಯಲ್ಲಿ ಇದನ್ನು ಖಂಡಿಸಿದವರು ಖರ್ಗೆ. 2024ರ ಮೇನಲ್ಲಿ, ಲೋಕಸಭಾ ಚುನಾವಣೆಯ ನಡುವೆ, ಕಾಂಗ್ರೆಸ್ಸಿನ ಸ್ಯಾಮ್ ಪಿತ್ರೋಡಾ ದಕ್ಷಿಣದವರು ಆಫ್ರಿಕಾದವರಂತೆ ಕಾಣುತ್ತಾರೆ ಎಂದಾಗ ಪ್ರಧಾನಿಯೇ ಪ್ರಚಾರ ಸಭೆಯಲ್ಲಿ ಸಿಟ್ಟಾದರು. ತರುಣ್ ವಿಜಯ್ ಮಾತಿಗೆ ಅಂಥ ಸಿಟ್ಟು ಕಂಡಿರಲಿಲ್ಲ. ಪಿತ್ರೋಡಾ ಸಾಗರೋತ್ತರ ಕಾಂಗ್ರೆಸ್ ಅಧ್ಯಕ್ಷ ಸ್ಥಾನ ಬಿಟ್ಟರು. ಚುನಾವಣೆ ಮುಗಿದು ಜೂನ್ ಕಳೆಯುವ ಮೊದಲೇ ಅದೇ ಸ್ಥಾನಕ್ಕೆ ಮರಳಿದರು. ಆಗ ಪಕ್ಷದ ಅಧ್ಯಕ್ಷರು ಇದೇ ಖರ್ಗೆ. ಬಣ್ಣದ ಮಾತಿನ ಪೆಟ್ಟು ತಿಂದವರೂ, ಸದನದಲ್ಲಿ ಅದರ ವಿರುದ್ಧ ಎದ್ದು ನಿಂತವರೂ ತಮ್ಮ ಪಕ್ಷದ ಸರದಿ ಬಂದಾಗ ಗಟ್ಟಿಯಾಗಿ ನಿಲ್ಲಲಿಲ್ಲ ಎಂಬುದು ಈ ಇಡೀ ಸರಣಿಯಲ್ಲಿ ಅತ್ಯಂತ ನೋವಿನ ಸಂಗತಿ.

ಈ ನಾಲ್ಕೂ ಒಂದೇ ತೂಕದ ತಪ್ಪುಗಳಲ್ಲ. ಪಿತ್ರೋಡಾ ವೈವಿಧ್ಯವನ್ನು ಹೊಗಳಲು ಹೋಗಿ ಜನರನ್ನು ಚಹರೆಯ ಮೇಲೆ ವಿಂಗಡಿಸಿದರು. ಜಮೀರ್ ಮಾತು ಒಬ್ಬ ವ್ಯಕ್ತಿಗೆ ಮಾಡಿದ ಅವಮಾನ. ಸಲುಗೆ ಇದ್ದರೆ ಅದು ಮನೆಯೊಳಗಿರಬೇಕು, ಚುನಾವಣಾ ಕಣದಲ್ಲಲ್ಲ. ಜ್ಞಾನೇಂದ್ರರ ಮಾತು ಇನ್ನೂ ಕೆಟ್ಟದ್ದು. ಕಲಬುರಗಿ, ರಾಯಚೂರಿನ ಸುಡುಬಿಸಿಲಲ್ಲಿ ತೊಗರಿ ಕೊಯ್ದು, ಗಾರೆ ಹೊತ್ತು ಬದುಕುವವರ ದುಡಿಮೆಯ ಗುರುತನ್ನೇ ಅದು ಕೊರತೆ ಎಂದು ತೋರಿಸಿತು.

ಆದರೆ ಪಕ್ಷಗಳ ಸಿಟ್ಟು ಈ ತೂಕವನ್ನು ನೋಡಲೇ ಇಲ್ಲ. ಅದು ನೋಡಿದ್ದು ಬಾವುಟವನ್ನು, ಮತದಾನದ ದಿನಾಂಕವನ್ನು. ಇಂಥ ಸಿಟ್ಟಿನಿಂದ ನಿಂದನೆಗೆ ಒಳಗಾದವರಿಗೆ ನ್ಯಾಯ ಸಿಗುವುದಿಲ್ಲ. ಮುಂದಿನ ನಿಂದಕನಿಗೆ ಧೈರ್ಯ ಸಿಗುತ್ತದೆ.

ಹಾಗಾಗಿ ಪರೀಕ್ಷೆ ನಮ್ಮಿಂದಲೇ ಶುರುವಾಗಬೇಕು. ಇಂಥ ಮಾತು ಕಿವಿಗೆ ಬಿದ್ದಾಗ ಆಡಿದವರ ಪಕ್ಷ ಯಾವುದೆಂದು ಕೇಳುವ ಮೊದಲು ಮಾತನ್ನೇ ತೂಗಿ. ನೀವು ಮತ ಹಾಕಿದವರು ಆಡಿದ್ದರೆ ಮೊದಲ ಖಂಡನೆ ನಿಮ್ಮದಾಗಲಿ.