ನಿದಾನವೋ ಪೂರ್ವರೂಪವೋ? ಮಧುಮೇಹವಿಷಯಕ ನಿರೂಪಣೆಯಲ್ಲಿ ಒಂದು ಪದವಿಮರ್ಶೆ

ಶಾಸ್ತ್ರವಿಷಯಗಳನ್ನು ಕನ್ನಡದಲ್ಲಿ ಬರೆಯತಕ್ಕವರಿಗೆ ನಾಮಪದಗಳ ಕೊರತೆಯೇ ಮುಖ್ಯವಾದ ತೊಡಕೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದಂದಿನಿಂದ ಪರಿಭಾಷೆಯ ಚರ್ಚೆಯು ನಮ್ಮಲ್ಲಿ ನಡೆದೇ ಇರುವುದಷ್ಟೆ. ಆದರೆ ನಾಮಪದಗಳೆಲ್ಲವೂ ಸರಿಯಾಗಿದ್ದು, ಅವುಗಳನ್ನು ಒಂದಕ್ಕೊಂದು ಕೂಡಿಸುವ ಮಾತು ತಪ್ಪಿದರೆ ಉಂಟಾಗುವ ಅನರ್ಥವು ಇನ್ನೂ ಹೆಚ್ಚಿನದು. ಇದಕ್ಕೆ ಆಹಾರ, ರಕ್ತದಲ್ಲಿನ ಅಮೈನೋ ಆಮ್ಲ, ಮಧುಮೇಹ ಎಂಬ ಮೂರರ ಸಂಬಂಧವು ತಕ್ಕ ಉದಾಹರಣೆಯಾಗಿದೆ.

ಮೊದಲು ವಿಷಯವನ್ನು ನೋಡೋಣ. ಅಮೆರಿಕೆಯ ಫ್ರೇಮಿಂಗ್‌ಹ್ಯಾಮ್ ಊರಿನ ಸಂಶೋಧನೆಯೊಂದು 2011ರಲ್ಲಿ ಪ್ರಕಟವಾಯಿತು. ಮಧುಮೇಹವಿಲ್ಲದ 2,422 ಮಂದಿಯನ್ನು 12 ವರ್ಷಗಳ ಕಾಲ ಅವಲೋಕಿಸಲು, 201 ಮಂದಿಗೆ ಆ ರೋಗವು ತಲೆದೋರಿತು. ಲ್ಯೂಸೀನ್, ಐಸೋಲ್ಯೂಸೀನ್, ವ್ಯಾಲೀನ್, ಫೀನೈಲ್‌ಅಲನೀನ್, ಟೈರೋಸೀನ್ ಎಂಬ ಐದು ಅಮೈನೋ ಆಮ್ಲಗಳು ರಕ್ತದಲ್ಲಿ ಅಧಿಕವಾಗಿದ್ದವರಿಗೆ ಮುಂದೆ ಮಧುಮೇಹವುಂಟಾಗುವ ಸಂಭವವು ಹೆಚ್ಚೆಂದು ಕಂಡುಬಂದಿತು. ಇವುಗಳಲ್ಲಿ ಮೂರರ ಪ್ರಮಾಣವನ್ನು ಕೂಡಿಸಿ ನೋಡಿದಾಗ, ಮೇಲಿನ ಕಾಲುಭಾಗದವರಿಗೆ ಆ ಸಂಭವವು ಐದು ಪಟ್ಟಿಗಿಂತ ಮಿಗಿಲಾಗಿತ್ತು. ಭಾರತ ಮೂಲದವರೇ ಮೊದಲಾದ ದಕ್ಷಿಣ ಏಷ್ಯದವರನ್ನೂ ಯೂರೋಪಿಯನರನ್ನೂ ಲಂಡನ್ನಿನಲ್ಲಿ ಹೋಲಿಸಿ ನೋಡಿ 2015ರಲ್ಲಿ ಪ್ರಕಟಿಸಿದ ಇನ್ನೊಂದು ಸಂಶೋಧನೆಯಲ್ಲಿ, ಟೈರೋಸೀನಿನ ಸೂಚನೆಯು ದಕ್ಷಿಣ ಏಷ್ಯದ ಪುರುಷರಲ್ಲಿ ಹೆಚ್ಚು ಪ್ರಬಲವಾಗಿತ್ತು.

ಇಷ್ಟನ್ನು ‘ಅಮೈನೋ ಆಮ್ಲಗಳು ಮಧುಮೇಹಕ್ಕೆ ಕಾರಣ’ ಎಂದು ಸಂಗ್ರಹಿಸಿದರೆ ವಾಕ್ಯವು ನೇರವಾಗಿಯೇ ಕಾಣುವುದು. ಈ ಆಮ್ಲಗಳು ಬೇಳೆ, ಮೀನು, ಹಾಲು, ಮೊಟ್ಟೆಗಳಲ್ಲಿನ ಸಸಾರಜನಕದ ಘಟಕಗಳೆಂದು ಬಲ್ಲ ಓದುಗನು ಕೂಡಲೆ ಮುಂದಿನ ಹೆಜ್ಜೆಯಿಡುವನು: ಬೇಳೆಯನ್ನೂ ಮೀನನ್ನೂ ಬಿಡತಕ್ಕದ್ದು. ಮಂಗಳೂರಿನ ಬಿಕರ್ನಕಟ್ಟೆಯಂಥ ಬಡಾವಣೆಯ ಊಟವನ್ನು ಇಲ್ಲಿ ನೆನೆಯಬೇಕು. ಕುಚ್ಚಲಕ್ಕಿಯ ಅನ್ನವು ರಾಶಿಯಾಗಿರುವ ಬಟ್ಟಲಲ್ಲಿ ಬಂಗುಡೆ ಅಥವಾ ಬೂತಾಯಿಯ ಸಾರು, ಇಲ್ಲವೆ ಹುರುಳಿಯ ಸಾರು. ಸಸಾರಜನಕದ ಬಹುಭಾಗವು ಬರತಕ್ಕದ್ದು ಈ ಸಾರಿನಿಂದಲೇ. ಅದನ್ನು ತೆಗೆದರೆ ಉಳಿಯುವುದು ಅನ್ನ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಭಾಷೆಗಳನ್ನಾಡಿ, ಓದುವುದಕ್ಕೆ ಕನ್ನಡವನ್ನು ಆಶ್ರಯಿಸುವ ಜನರು ಅಲ್ಲಿ ಬಹಳ ಮಂದಿ. ಕಿಟೆಲರ ನಿಘಂಟು 1894ರಲ್ಲಿ ಅಚ್ಚಾದದ್ದು ಈ ನಗರದಲ್ಲಿಯೇ. ಅಚ್ಚಿನ ಕನ್ನಡವು ಒಂದು ಪದವನ್ನು ತಪ್ಪಿದರೆ ನಾಲ್ಕು ಭಾಷೆಗಳ ಅಡಿಗೆಮನೆಗಳು ತಪ್ಪುವುವು.

ದಾರಿ ತಪ್ಪಿಸುವ ಹೆಸರುಗಳು ಮೊದಲೇ ಇವೆ. ‘ಸಕ್ಕರೆ ಕಾಯಿಲೆ’ ಎಂಬ ಮಾತು ರೋಗದ ಲಕ್ಷಣವನ್ನು ಹೇಳಹೊರಟು, ಸಕ್ಕರೆಯನ್ನು ಬಿಟ್ಟರೆ ಸಾಕು, ಅನ್ನಕ್ಕೆ ಮಿತಿ ಬೇಡವೆಂಬ ಭ್ರಾಂತಿಗೆ ಎಡೆಗೊಡುವುದು. ‘ಅಮೈನೋ ಆಮ್ಲ’ವೆಂಬಲ್ಲಿನ ‘ಆಮ್ಲ’ವೂ ಹುಣಿಸೆ, ಪುನರ್ಪುಳಿಗಳ ಹುಳಿಯ ಕಡೆಗೆ ಮನಸ್ಸನ್ನೆಳೆಯಬಲ್ಲುದು.

ವಾಸ್ತವದಲ್ಲಿ ರಕ್ತದಲ್ಲಿರುವ ಪ್ರಮಾಣವು ತಿಂದುದರ ಪ್ರತಿಬಿಂಬಮಾತ್ರವಲ್ಲ. ಲ್ಯೂಸೀನ್, ಐಸೋಲ್ಯೂಸೀನ್, ವ್ಯಾಲೀನ್‌ಗಳನ್ನು ಶರೀರವು ತಾನೇ ರಚಿಸಲಾರದು, ಆಹಾರದಿಂದಲೇ ಪಡೆಯಬೇಕು. ಆದರೂ ಅವು ರಕ್ತದಲ್ಲಿ ಎಷ್ಟು ಉಳಿಯುವುವೆಂಬುದು ಮಾಂಸಖಂಡ, ಯಕೃತ್ತು, ಮೇದಸ್ಸುಗಳು ಅವುಗಳನ್ನು ಎಷ್ಟರಮಟ್ಟಿಗೆ ವ್ಯಯಮಾಡುತ್ತವೆ ಎಂಬುದರ ಮೇಲೆ ನಿಂತಿದೆ. ಸ್ಥೂಲಶರೀರದಲ್ಲಿ ಮೇದಸ್ಸಿನ ಈ ಶಕ್ತಿ ಕುಗ್ಗುವುದು. ಸ್ಥೂಲಕಾಯರಲ್ಲಿ ಈ ಆಮ್ಲಗಳು ಅಧಿಕವೆಂಬುದು 1969ರಲ್ಲಿಯೇ ಪ್ರಕಟವಾಗಿತ್ತು. ವಂಶವಾಹಿಗಳ ಸಾಕ್ಷ್ಯವನ್ನು ಪರಿಶೀಲಿಸಿದ ಇಬ್ಬಗೆಯ ಪ್ರಬಂಧಗಳಲ್ಲಿ 2016ರದು ಈ ಆಮ್ಲಗಳ ವ್ಯಯದ ಕುಂದು ರೋಗಕ್ಕೆ ಹೇತುವಾಗಬಹುದೆಂದರೆ, 2017ರದು ಇನ್ಸುಲಿನ್ನಿಗೆ ಶರೀರವು ಒಗ್ಗದಿರುವುದೇ ಈ ಆಮ್ಲಗಳ ಏರಿಕೆಗೆ ಹೇತುವೆಂದಿತು. ಇಂತಿರಲು ‘ಕಾರಣ’ವೆಂಬ ಒಂದೇ ಪದದಿಂದ ಎಲ್ಲವನ್ನೂ ಮುಗಿಸುವುದು ಯುಕ್ತವಲ್ಲ.

ಈ ಸೂಕ್ಷ್ಮವನ್ನು ಹೇಳಲು ಕನ್ನಡಕ್ಕೆ ಶಕ್ತಿಯಿಲ್ಲವೆ? ನಮ್ಮ ವೈದ್ಯಗ್ರಂಥಗಳ ಪರಂಪರೆಯನ್ನು ಬಲ್ಲವರು ಹಾಗೆನ್ನಲಾರರು. ಜಗದ್ದಳ ಸೋಮನಾಥನು ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ಆಯುರ್ವೇದವು ರೋಗವನ್ನರಿಯಲು ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿಗಳೆಂದು ಐದು ದಾರಿಗಳನ್ನು ವಿಂಗಡಿಸಿದೆ. ರೋಗವನ್ನು ಹುಟ್ಟಿಸುವುದು ನಿದಾನ. ಅದು ಪ್ರಕಟವಾಗುವ ಮುನ್ನ ಕಾಣುವ ಗುರುತು ಪೂರ್ವರೂಪ. ಶರೀರದೊಳಗೆ ಅದು ಬೆಳೆಯುವ ಕ್ರಮವು ಸಂಪ್ರಾಪ್ತಿ. ಚರಕಸಂಹಿತೆಯು ಪ್ರಮೇಹಕ್ಕೆ ಹೊಸ ಧಾನ್ಯ, ಬೆಲ್ಲದ ಭಕ್ಷ್ಯ, ಹಾಲು ಮೊಸರು, ಜಲಚರಗಳ ಮಾಂಸ, ವ್ಯಾಯಾಮವಿಲ್ಲದಿರುವಿಕೆಗಳನ್ನು ನಿದಾನದಲ್ಲಿ ಎಣಿಸಿ, ಬಾಯ ಸಿಹಿ, ಅಂಗೈ ಅಂಗಾಲುಗಳ ಉರಿ, ಮೂತ್ರಕ್ಕೆ ಇರುವೆ ಮುತ್ತುವುದು ಮುಂತಾದವನ್ನು ಪೂರ್ವರೂಪದಲ್ಲಿ ಬೇರೆಯಾಗಿಟ್ಟಿದೆ. ಇರುವೆಯನ್ನು ರೋಗದ ಹೇತುವೆಂದು ಯಾವ ವೈದ್ಯನೂ ಭಾವಿಸಲಿಲ್ಲ.

ಪ್ರಾಚೀನರು ಅಮೈನೋ ಆಮ್ಲಗಳನ್ನು ಬಲ್ಲರೆಂದು ಇದರಿಂದ ಸಾಧಿಸಹೊರಟರೆ ಅದು ಹಾಸ್ಯಾಸ್ಪದವು. ಪೂರ್ವರೂಪವು ಇಂದ್ರಿಯಗಳಿಗೆ ಗೋಚರವಾಗತಕ್ಕದ್ದು, ರಕ್ತಪರೀಕ್ಷೆಯ ಅಂಕಿ ಹಾಗಲ್ಲವೆಂಬ ಆಕ್ಷೇಪವೂ ನ್ಯಾಯವೇ. ಪ್ರಕೃತ ನಾವು ತೆಗೆದುಕೊಳ್ಳಬೇಕಾದುದು ಅವರ ವಿಭಾಗಕ್ರಮವನ್ನು. ಆಧುನಿಕ ಕನ್ನಡದಲ್ಲಿ ‘ನಿದಾನ’ವು ರೋಗನಿರ್ಣಯವೆಂಬರ್ಥಕ್ಕೂ ಸರಿದಿರುವುದರಿಂದ ಅದಕ್ಕೆ ‘ಹೇತು’ವೆಂದೇ ಬರೆಯುವುದು ಲೇಸು. ಇಲ್ಲಿ ಸ್ಥಿರಪಟ್ಟಿರುವ ಅಂಶಕ್ಕೆ ‘ಪೂರ್ವಸೂಚಕ’ವೆಂದೂ, ವಿವಾದದಲ್ಲಿರುವ ಅಂಶಕ್ಕೆ ‘ಸಂಪ್ರಾಪ್ತಿಯಲ್ಲಿ ಪಾತ್ರವಿರಬಹುದು’ ಎಂದೂ ಬರೆದರೆ ಸತ್ಯಕ್ಕೆ ಲೋಪವಿಲ್ಲ. ‘ಐದು ಪಟ್ಟು’ ಎಂಬಲ್ಲಿ 2,422ಕ್ಕೆ 201 ಎಂಬ ಮೂಲಸಂಖ್ಯೆಯನ್ನೂ ಜತೆಗಿಡಬೇಕು. ಇಲ್ಲವಾದರೆ ಸಂಭವವು ನಿಶ್ಚಯದಂತೆ ತೋರುವುದು.

ಪದದ ಈ ವ್ಯತ್ಯಾಸವು ಊಟದ ವ್ಯತ್ಯಾಸವೂ ಆಗಿದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಸಮೀಕ್ಷೆಯಂತೆ ಭಾರತದ ವಯಸ್ಕರಲ್ಲಿ ನೂರಕ್ಕೆ 11.4 ಮಂದಿ ಮಧುಮೇಹಿಗಳು. ಅದೇ ಸಮೀಕ್ಷೆಯ ಆಹಾರಭಾಗವು 2025ರಲ್ಲಿ ಹೊರಬಂದಿತು. ಭಾರತೀಯರ ಆಹಾರಶಕ್ತಿಯಲ್ಲಿ ನೂರಕ್ಕೆ 62 ಭಾಗವು ಶರ್ಕರಪಿಷ್ಟಗಳದು, ಸಸಾರಜನಕದ್ದು ಸುಮಾರು 12 ಮಾತ್ರ. ಪಿಷ್ಟದ ಸ್ವಲ್ಪ ಭಾಗದ ಬದಲಿಗೆ ಸಸ್ಯದ ಅಥವಾ ಹಾಲಿನ ಸಸಾರಜನಕವಿದ್ದಲ್ಲಿ ರೋಗಸಂಭವವು ಕಡಮೆಯಾಗಿತ್ತು. ಇದೂ ಸಹಚಾರದ ಮಾತೇ, ಹೇತುವಿನ ಸಿದ್ಧಾಂತವಲ್ಲವೆಂದು ಅದೇ ಅಳತೆಗೋಲಿನಿಂದ ಒಪ್ಪಬೇಕು. ಆದರೂ ಹುರುಳಿಯನ್ನು ಬಿಟ್ಟು ಅನ್ನವನ್ನು ಹೆಚ್ಚಿಸುವವನು ಈ ಸಾಕ್ಷ್ಯಕ್ಕೆ ಬೆನ್ನುಹಾಕಿ ನಡೆದಂತಾಗುವುದು. ಕನ್ನಡವನ್ನು ಬೋಧಿಸುವವರು ಕಾರಕಪ್ರಕರಣವನ್ನು ಪಾಠಹೇಳುವಾಗ ಇಂತಹ ಒಂದು ವಾಕ್ಯವನ್ನು ವಿದ್ಯಾರ್ಥಿಗಳ ಮುಂದಿಟ್ಟು ಪರೀಕ್ಷಿಸುವುದು ಪ್ರಯೋಜನಕರವಾಗಿರುವುದು.