‘ವಿತರಿಸಲಾಗಿದೆ’ ಮತ್ತು ‘ಮುಟ್ಯಾದ’: ಪಾರ್ಸೆಲ್ ಸಂದೇಶಗಳ ಕನ್ನಡ

ಪಾರ್ಸೆಲ್ಲಿನ ಜಾಡು ತಿಳಿಸುವ ಸಂದೇಶಗಳ ಕನ್ನಡದಲ್ಲಿ ತೊಡಕು ಹೆಚ್ಚಾಗಿರುವುದು ನಾಮಪದಗಳಲ್ಲಲ್ಲ, ಕ್ರಿಯಾಪದಗಳಲ್ಲಿ. ‘ಔಟ್ ಫಾರ್ ಡೆಲಿವರಿ’ಯನ್ನು ‘ವಿತರಣೆಗೆ ಹೊರಗಿದೆ’ ಎಂದರೆ ಚಲನೆ ಅಳಿದು ಸ್ಥಿತಿಯಷ್ಟೇ ಉಳಿಯುತ್ತದೆ. ವಸ್ತು ಎಲ್ಲೋ ಬಯಲಲ್ಲಿ ಬಿದ್ದಿರುವಂತೆ ತೋರೀತು. ‘ಹೊರಟಿದೆ’ ಎಂದರೆ ಸಾಕಿತ್ತು. ‘ಐಟಂ ಬ್ಯಾಗ್ಡ್’ ಸಿಬ್ಬಂದಿಯ ಲೆಕ್ಕಕ್ಕೆ ಹುಟ್ಟಿದ ನುಡಿ. ‘ಚೀಲ ಸೇರಿದೆ’ ಎನ್ನಲು ಅಡ್ಡಿಯೇನಿಲ್ಲ.

ಇವೆರಡಕ್ಕಿಂತ ಗಂಭೀರವಾದುದು ‘ವಿತರಿಸಲಾಗಿದೆ’. ವಿತರಣೆಯೆಂದರೆ ಹಲವರಿಗೆ ಹಂಚುವುದು. ಮೇಲಾಗಿ ಈ ಕರ್ಮಣಿ ರೂಪ ಕೊಟ್ಟವನನ್ನು ಮರೆಸುತ್ತದೆ. ಚತುರ್ಥಿಯಿಲ್ಲದ ವಾಕ್ಯ ಪಡೆದವನನ್ನೂ ಹೇಳುವುದಿಲ್ಲ. 1948ರವರೆಗೆ ನಿಜಾಮರ ಆಡಳಿತಕ್ಕೊಳಪಟ್ಟಿದ್ದ ಆಳಂದ, ಅಫಜಲಪುರ, ಜೇವರ್ಗಿಗಳ ಆಡುಮಾತಿನಲ್ಲಿ ಟಪಾಲು (ಮೈಸೂರಿನ ‘ಅಂಚೆ’ ಇಲ್ಲಿ ಬರಹಕ್ಕೇ ಹೆಚ್ಚು) ‘ಮುಟ್ಟುತ್ತದೆ’: ‘ನನಗ ಮುಟ್ಯಾದ’, ‘ಇನ್ನಾ ಮುಟ್ಟಿಲ್ಲ’. ಈ ಕ್ರಿಯಾಪದ ಪಡೆಯುವವನ ಕಡೆಯಿಂದ ನುಡಿಯುತ್ತದೆ. ಗೊತ್ತಿಲ್ಲದ ಅಂಗಡಿಯಲ್ಲಿ ಇಟ್ಟುಹೋದ ಪಾರ್ಸೆಲ್ಲಿಗೆ ‘ವಿತರಿಸಲಾಗಿದೆ’ ಹೇಗೋ ಒಗ್ಗುತ್ತದೆ, ‘ಮುಟ್ಯಾದ’ ಒಗ್ಗದು. ತಕರಾರು ಹುಟ್ಟುವುದು ಈ ಅಂತರದಲ್ಲೇ. ಆಗ ದಾಖಲೆಯಾಗಿ ನಿಲ್ಲುವುದು ಗ್ರಾಹಕನ ಮಾತಲ್ಲ, ಕರ್ತೃವಿಲ್ಲದ ಆ ವಾಕ್ಯ. ‘ಇಂಥವರಿಗೆ, ಇಂಥ ವೇಳೆಗೆ ಮುಟ್ಟಿದೆ’ ಎಂದು ಬರೆಯಲು ಶಿಷ್ಟ ಕನ್ನಡಕ್ಕೂ ಯಾವ ತಡೆಯೂ ಇಲ್ಲ.